ಸಿಎಫ್‌ಟಿಗೆ ಎಷ್ಟು ಅಂತ ಕೇಳುವ ಮೊದಲು

ಕಳೆದ ಮಳೆಗಾಲದಲ್ಲಿ ನಮ್ಮ ಜಗಲಿಯ ಮಾಡು ಸೋರಲು ಶುರುವಾಯಿತು. ಹಂಚು ಒಡೆದಿರಬೇಕು ಅಂತ ನಾಲ್ಕು ಹಂಚು ಬದಲಾಯಿಸಿದೆವು. ನೀರು ನಿಲ್ಲಲಿಲ್ಲ. ಮಳೆ ಬಿಟ್ಟ ಮೇಲೆ ಮರದ ಕೆಲಸದ ಆಚಾರ್ರು ಬಂದರು. ಏಣಿ ಹತ್ತಿ ಉಳಿಯ ತುದಿಯಿಂದ ಒಂದು ಪಕ್ಕಾಸನ್ನು, ಅಂದರೆ ಮಾಡನ್ನು ಹೊರುವ ಇಳಿಜಾರಿನ ಮರವನ್ನು, ಚುಚ್ಚಿದರು. ಉಳಿ ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು, ಹುಡಿ ಮಣ್ಣು ಕೆಳಗೆ ಸುರಿಯಿತು.

"ಹಂಚಿನದ್ದಲ್ಲ ಅಕ್ಕಾ, ಮರದ್ದು. ಗೆದ್ದಲು ತಿಂದು ಪಕ್ಕಾಸು ಬಗ್ಗಿದೆ. ಹಂಚಿನ ನಡುವೆ ಸಂದಿ ಬಿದ್ದಿದೆ" ಅಂದರು.

ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ನೀರ್ಚಾಲು ಕಡೆಯ ಹಳೇ ಮನೆ. ಜಗಲಿಯ ಮಾಡಿನ ಮರ ಪೂರ್ತಿ ಬದಲಾಯಿಸಬೇಕು ಅಂತ ಆಯಿತು. ಮೈದುನ ಕಬ್ಬಿಣದ ಜಿಐ ಪೈಪು ಹಾಕಿ ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಪೈಪಿಗೆ ಗೆದ್ದಲು ಬರುವುದಿಲ್ಲ, ಕೆಲಸ ಎರಡೇ ದಿನದಲ್ಲಿ ಮುಗಿಯುತ್ತದೆ. ಆದರೆ ಚಾವಡಿಯ ಮಾಡು ಮರದ್ದೇ ಇದೆ, ಗಟ್ಟಿ ಇದೆ. ಅದಕ್ಕೆ ತಾಗಿ ಇರುವ ಜಗಲಿಗೆ ಮಾತ್ರ ಪೈಪು ಹಾಕಲು ನನಗೆ ಮನಸ್ಸು ಬರಲಿಲ್ಲ. ಅತ್ತೆಗೂ ಬರಲಿಲ್ಲ. ಮರವೇ ಅಂತ ತೀರ್ಮಾನ ಆಯಿತು. ಎಷ್ಟು ಮರ, ಎಷ್ಟು ದುಡ್ಡು ಅನ್ನುವ ಲೆಕ್ಕ ನಾನು ವಹಿಸಿಕೊಂಡೆ.

ವಹಿಸಿಕೊಳ್ಳಲು ಕಾರಣ ಇದೆ. ನಾಲ್ಕು ವರ್ಷ ಹಿಂದೆ ದನದ ಹಟ್ಟಿಗೆ ಮಾಡು ಮಾಡಿಸುವಾಗ ನಾವು ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೆವು. ಮೂರು ಮರದ ಮಿಲ್ಲಿಗೆ ಫೋನ್ ಮಾಡಿ ಸಿಎಫ್‌ಟಿಗೆ, ಅಂದರೆ ಒಂದು ಘನ ಅಡಿ ಮರಕ್ಕೆ, ಎಷ್ಟು ಅಂತ ಕೇಳಿದೆವು. ಕಡಿಮೆ ಹೇಳಿದ ಕಡೆಯಿಂದ 4×2 ಇಂಚಿನ, 10 ಅಡಿ ಉದ್ದದ 24 ಪಕ್ಕಾಸು ತರಿಸಿದೆವು. ಸಿಎಫ್‌ಟಿಗೆ 1,200 ರೂಪಾಯಿ. ಬಿಲ್ಲಿನಲ್ಲಿ 13.33 ಸಿಎಫ್‌ಟಿ, 16,000 ರೂಪಾಯಿ. ಕೊಟ್ಟು ಮುಗಿದ ಮೇಲೆ, ಮರ ಅಂಗಳದಲ್ಲಿ ಬಿದ್ದಿರುವಾಗ, ಆಚಾರ್ರು ಸುಮ್ನೆ ಒಂದಕ್ಕೆ ಟೇಪು ಹಿಡಿದರು. ಅಗಲ ನಾಲ್ಕಲ್ಲ, ಕಾಲು ಕಡಿಮೆ ನಾಲ್ಕು. ದಪ್ಪವೂ ಕಾಲು ಕಡಿಮೆ ಎರಡು. ಇನ್ನೊಂದಕ್ಕೆ ಹಿಡಿದರು, ಅದೂ ಹಾಗೆಯೇ. ಇಪ್ಪತ್ತನಾಲ್ಕೂ ಹಾಗೆಯೇ.

ಕಾಲು ಇಂಚು ಅಂದರೆ ಏನು ಮಹಾ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ರಾತ್ರಿ ಕೂತು ಲೆಕ್ಕ ಹಾಕಿದೆ. 4ನ್ನು 2ರಿಂದ ಗುಣಿಸಿದರೆ 8. ಮೂರೂಮುಕ್ಕಾಲನ್ನು ಒಂದೂಮುಕ್ಕಾಲಿನಿಂದ ಗುಣಿಸಿದರೆ 6.56. ಅಂದರೆ ನೂರಕ್ಕೆ ಹದಿನೆಂಟು ಪಾಲು ಮರ ನಮ್ಮ ಮನೆಗೆ ಬರಲೇ ಇಲ್ಲ. 16,000ದಲ್ಲಿ 2,875 ರೂಪಾಯಿ ಇಲ್ಲದ ಮರಕ್ಕೆ ಕೊಟ್ಟದ್ದು. ಕೇಳಿದಾಗ "ಗರಗಸಕ್ಕೆ ಹೋಗುತ್ತದೆ" ಅನ್ನುವ ಉತ್ತರ ಬಂತು. ಗರಗಸ ಹುಡಿ ಮಾಡುವ ಮರ ದಿಮ್ಮಿಯ ಲೆಕ್ಕದಲ್ಲಿ ಬರಬೇಕಾದ್ದು. ಸೀಳಿದ ಮರವನ್ನೇ ಕೊಳ್ಳುವವರು ಕೈಗೆ ಬಂದ ಅಳತೆಗೆ ಮಾತ್ರ ದುಡ್ಡು ಕೊಡಬೇಕು. ಆ ಮಾತು ಮೊದಲೇ ಆಗಿರಬೇಕಿತ್ತು. ಆಗಿರಲಿಲ್ಲ.

ಹಾಗಾಗಿ ಈ ಸಲ ರೇಟು ಕೇಳಲು ಹೋಗಲಿಲ್ಲ. ಮೊದಲು ಪಟ್ಟಿ ಮಾಡಿದೆ.

ಲೆಕ್ಕದ ಸೂತ್ರ ಒಂದೇ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ದಪ್ಪದ ಮರದ ತುಂಡನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಅದು ಒಂದು ಸಿಎಫ್‌ಟಿ. ಅದರ ಮುಖ 12×12 ಇಂಚು, ಅಂದರೆ 144 ಚದರ ಇಂಚು. ಭಾಗಿಸುವ ಸಂಖ್ಯೆ ಬಂದದ್ದು ಅಲ್ಲಿಂದ.

ಸೂತ್ರ ಸುಲಭ. ಎಷ್ಟು ತುಂಡು ಬೇಕು ಅನ್ನುವುದರಲ್ಲಿಯೇ ತಪ್ಪುವುದು. ನಮ್ಮ ಜಗಲಿ 20 ಅಡಿ ಉದ್ದ. ಪಕ್ಕಾಸು ಎರಡೆರಡು ಅಡಿಗೆ ಒಂದು. ಇಪ್ಪತ್ತನ್ನು ಎರಡರಿಂದ ಭಾಗಿಸಿದರೆ ಹತ್ತು. ಆದರೆ ಪಕ್ಕಾಸು ಬೇಕಾದ್ದು ಹನ್ನೊಂದು! ಹತ್ತು ಎಂಬುದು ನಡುವಿನ ಜಾಗಗಳ ಲೆಕ್ಕ, ಕೊನೆಯಲ್ಲೊಂದು ಪಕ್ಕಾಸು ನಿಲ್ಲಲೇಬೇಕಲ್ಲ. ಬೇಲಿಗೆ ಕಂಬ ಎಣಿಸಿದವರಿಗೆ ಇದು ಗೊತ್ತಿರುತ್ತದೆ. ಉದ್ದ ಅಳೆಯುವಾಗಲೂ ಜಗಲಿಯ ಅಗಲ ಹಿಡಿದರೆ ಆಗದು. ಮಾಡು ಇಳಿಜಾರು, ಅದರ ಜೊತೆಗೆ ಹೊರಗೆ ಚಾಚಿದ ಸೂರು ಬೇರೆ ಇದೆ. ನಮ್ಮ ಜಗಲಿ 8 ಅಡಿ ಅಗಲ, ಹಳೇ ಪಕ್ಕಾಸಿನ ಮೇಲೆ ಟೇಪು ಇಟ್ಟು ಅಳೆದರೆ 10 ಅಡಿ ಬಂತು. 4×2 ಇಂಚಿನ 10 ಅಡಿ ಪಕ್ಕಾಸು ಒಂದಕ್ಕೆ 0.56 ಸಿಎಫ್‌ಟಿ. ಹನ್ನೊಂದಕ್ಕೆ 6.11.

ಇನ್ನು ರೀಪು, ಅಂದರೆ ಪಕ್ಕಾಸಿನ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ಸಪುರ ಮರ. ರೀಪಿನ ಅಂತರಕ್ಕೆ ಯಾರ ಮಾತನ್ನೂ ಕೇಳಬೇಡಿ, ನಿಮ್ಮ ಹಂಚನ್ನು ಕೇಳಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ಹೆಸರಿಗೆ ಎಲ್ಲವೂ ಮಂಗಳೂರು ಹಂಚು, ಆದರೆ ಒಂದರ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ನಾವು ಅಂಗಳದಲ್ಲಿ ಹತ್ತು ಹಂಚನ್ನು ಒಂದರ ಮೇಲೊಂದು ಕೊಕ್ಕೆ ಕೂರಿಸಿ ಮಲಗಿಸಿದೆವು. ಒಟ್ಟು ಉದ್ದ ಅಳೆದು ಅಂತರ ತೆಗೆದೆವು. ಹನ್ನೆರಡೂವರೆ ಇಂಚು ಬಂತು. 10 ಅಡಿ ಇಳಿಜಾರಿಗೆ ಹತ್ತು ಜಾಗ, ಹನ್ನೊಂದು ಸಾಲು ರೀಪು. ಎರಡೂ ಕಡೆ ಅರ್ಧರ್ಧ ಅಡಿ ಚಾಚಿದರೆ ಸಾಲಿಗೆ 21 ಅಡಿ, ಒಟ್ಟು 231 ಅಡಿ. 2×1 ಇಂಚಿನ ರೀಪಿಗೆ 3.21 ಸಿಎಫ್‌ಟಿ.

ಕಂಬಗಳ ಮೇಲಿನ ತೊಲೆ 6×4 ಇಂಚು, 21 ಅಡಿ. ಅದಕ್ಕೆ 3.5. ಗೋಡೆಯ ಮೇಲೆ ಮಲಗಿಸುವ ಮರ 4×3 ಇಂಚು, ಅದೂ 21 ಅಡಿ. ಅದಕ್ಕೆ 1.75. ಎಲ್ಲ ಕೂಡಿಸಿದರೆ 14.57.

ಇದರ ಮೇಲೆ ನೂರಕ್ಕೆ ಹತ್ತು ಜಾಸ್ತಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ತೊಲೆ ಒಂದೇ ಇರುವುದು, ಅದಕ್ಕೆ ನೂರಕ್ಕೆ ಹತ್ತು ಜಾಸ್ತಿ ಅಂದರೆ ಎರಡು ಅಡಿಯ ತುಂಡು, ಅದನ್ನು ಏನು ಮಾಡುವುದು? ಗಂಟು ಇದ್ದಲ್ಲಿ ಮುರಿಯುವುದು ರೀಪು. ಹಾಗಾಗಿ ರೀಪು ಎರಡು ಸಾಲು ಜಾಸ್ತಿ, ಪಕ್ಕಾಸು ಒಂದು ಜಾಸ್ತಿ ಹಾಕಿದೆ. ತೊಲೆಗೆ ಏನೂ ಹಾಕಲಿಲ್ಲ. ಒಟ್ಟು 15.71 ಸಿಎಫ್‌ಟಿ.

ಇಷ್ಟಾದಾಗ ಆಚಾರ್ರು ಚಾವಡಿಯ ದಾರಂದವನ್ನೂ, ಅಂದರೆ ಬಾಗಿಲಿನ ಚೌಕಟ್ಟನ್ನೂ, ತೋರಿಸಿದರು. ಅದರ ಬುಡವೂ ಹೋಗಿತ್ತು. "ಎತ್ತರ ಮೂರು ಕೋಲು, ಹಾಗೆಯೇ ಇರಲಿ, ಅಳತೆ ಬದಲಾಯಿಸುವುದು ಬೇಡ" ಅಂದರು. ನಮ್ಮ ಕಡೆಯ ಹಳೇ ಮನೆಗಳು ಕೋಲು, ಅಂಗುಲದ ಲೆಕ್ಕದಲ್ಲಿ ಕಟ್ಟಿದವು. 24 ಅಂಗುಲಕ್ಕೆ ಒಂದು ಕೋಲು. ನಾನು ಅಂಗುಲ ಅಂದರೆ ಇಂಚು ಅಂತ ಶಾಲೆಯಲ್ಲಿ ಕಲಿತವಳು. 24 ಇಂಚು ಎರಡು ಅಡಿ, ಮೂರು ಕೋಲಿಗೆ 6 ಅಡಿ ಅಂತ ಬರೆದುಕೊಂಡೆ. ಆಚಾರ್ರು ಪುಸ್ತಕ ನೋಡಿ ತಲೆ ಆಡಿಸಿದರು. ತಮ್ಮ ಅಳತೆಯ ಕೋಲು, ಮುಳಕೋಲು, ತಂದು ದಾರಂದಕ್ಕೆ ಇಟ್ಟು, ಪಕ್ಕದಲ್ಲಿ ನನ್ನ ಟೇಪು ಹಿಡಿಸಿದರು. ಅವರ ಅಂಗುಲ ಇಂಚಿಗಿಂತ ದೊಡ್ಡದು, ಮೂರು ಸೆಂಟಿಮೀಟರ್ ಹತ್ತಿರ ಬರುತ್ತದೆ. ಒಂದು ಕೋಲು 72 ಸೆಂಟಿಮೀಟರ್. ಮೂರು ಕೋಲು 216, ಅಂದರೆ 7 ಅಡಿ 1 ಇಂಚು.

ಆ ಒಂದು ಇಂಚನ್ನು ಗಮನಿಸಿ. 7 ಅಡಿಯ ಮರ ತಂದಿದ್ದರೆ ಒಂದು ಇಂಚಿಗೆ ಅಷ್ಟೂ ಮರ ದಂಡ. ಮಿಲ್ಲಿನಲ್ಲಿ ಅರ್ಧ ಅಡಿ ಲೆಕ್ಕದಲ್ಲಿ ಕೊಡುತ್ತಾರೆ, ಹಾಗಾಗಿ ಏಳೂವರೆ ಅಡಿಯದ್ದೇ ಬೇಕು. 5×3 ಇಂಚಿನಲ್ಲಿ ಏಳೂವರೆಯ ಎರಡು ಕಾಲು, ಮೇಲಿನ ಅಡ್ಡ ಮತ್ತು ಹೊಸ್ತಿಲು ನಾಲ್ಕು ನಾಲ್ಕು ಅಡಿ. ಒಟ್ಟು 23 ಅಡಿ, 2.4 ಸಿಎಫ್‌ಟಿ. ಹಳೇ ಮನೆಯ ಕೆಲಸ ಮಾಡಿಸುವವರು ಆಚಾರ್ರ ಕೋಲಿನ ಅಳತೆಯನ್ನು ಟೇಪಿನಲ್ಲಿ ಒಮ್ಮೆ ಅಳೆದೇ ಬರೆದುಕೊಳ್ಳಿ.

ಈಗ ಮರ ಯಾವುದು ಅನ್ನುವ ಪ್ರಶ್ನೆ. ಆಚಾರ್ರಿಗೆ ಹೆಬ್ಬಲಸು ಇಷ್ಟ. ತುಳುವಿನಲ್ಲಿ ಪೆಜ, ಮಿಲ್ಲಿನಲ್ಲಿ ಮಲಯಾಳದವರು ಐನಿ ಅನ್ನುತ್ತಾರೆ. ಕೇರಳದಲ್ಲಿ ದೋಣಿ ಮಾಡುವ ಮರ ಅದು, ನೀರಿಗೆ ಹೆದರುವುದಿಲ್ಲ. ಬೋಗಿ ಸಿಕ್ಕಿದರೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಆದರೆ ಬೋಗಿ, ತೇಗ, ಬೀಟೆ ಇವುಗಳನ್ನು ಸ್ವಂತ ಜಾಗದಿಂದ ಕಡಿಯುವುದಾದರೂ ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಬೇಕು. ಹೊರದೇಶದಿಂದ ಬರುವ ಪಡಾಕ್, ಪಿಂಕೋಡ ಎಲ್ಲ ಈಗ ಧಾರಾಳ ಇವೆ. ನಮಗೆ ಹೆಬ್ಬಲಸೇ ಸಾಕು ಅನ್ನಿಸಿತು.

ಈ ನಡುವೆ ಒಂದು ಆಸೆ ಹುಟ್ಟಿತು. ಆಚೆಮನೆ ಅಣ್ಣನ ತೋಟದಲ್ಲಿ ಗಾಳಿಗೆ ಒಂದು ಹಲಸಿನ ಮರ ಬಿದ್ದಿತ್ತು. ದಿಮ್ಮಿಗೆ ರೇಟು ಸೀಳಿದ ಮರದ ಅರ್ಧ. ಅದನ್ನೇ ತೆಗೆದುಕೊಂಡು ಸೀಳಿಸಿದರೆ ಉಳಿತಾಯ ಆಗುವುದಿಲ್ಲವೇ? ನಾನೂ ಅಣ್ಣನೂ ಹಗ್ಗ, ಟೇಪು ಹಿಡಿದುಕೊಂಡು ಹೋದೆವು.

ದಿಮ್ಮಿಯ ಅಳತೆ ಬೇರೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸುವುದು, ಬಂದದ್ದನ್ನು ಅದರಿಂದಲೇ ಗುಣಿಸುವುದು, ಉದ್ದದಿಂದ ಗುಣಿಸಿ 144ರಿಂದ ಭಾಗಿಸುವುದು. ಹಾಪಸ್ ಅಳತೆ ಅನ್ನುವುದೂ ಇದನ್ನೇ. ನಮ್ಮ ದಿಮ್ಮಿ 10 ಅಡಿ ಉದ್ದ. ಬುಡದಲ್ಲಿ ಹಗ್ಗ ಸುತ್ತಿದರೆ 72 ಇಂಚು. ನಾಲ್ಕನೇ ಒಂದು 18. ಹದಿನೆಂಟು ಹದಿನೆಂಟಲಿ 324. ಲೆಕ್ಕ ಮುಗಿಸಿದರೆ 22.5 ಸಿಎಫ್‌ಟಿ. ಮಧ್ಯದಲ್ಲಿ ತೊಗಟೆಯ ಮೇಲಿಂದ ಸುತ್ತಿದರೆ 63 ಇಂಚು, 17.2 ಸಿಎಫ್‌ಟಿ. ಆಮೇಲೆ ಅಣ್ಣ ಕತ್ತಿಯಿಂದ ಮಧ್ಯದಲ್ಲಿ ಸುತ್ತಲೂ ತೊಗಟೆ ಕೆತ್ತಿದರು. ಹಾಲು ಒಸರಿ ಹಗ್ಗ ಅಂಟಿತು. ಈಗ 60 ಇಂಚು. ನಾಲ್ಕನೇ ಒಂದು 15, ಹದಿನೈದು ಹದಿನೈದಲಿ 225, ಲೆಕ್ಕ 15.6 ಸಿಎಫ್‌ಟಿ.

ದಿಮ್ಮಿ ಒಂದೇ. ಹಗ್ಗ ಎಲ್ಲಿ ಸುತ್ತಿದಿರಿ ಅನ್ನುವುದರ ಮೇಲೆ ಹದಿನೈದೂವರೆಯೂ ಆಗುತ್ತದೆ, ಇಪ್ಪತ್ತೆರಡೂವರೆಯೂ ಆಗುತ್ತದೆ. ತೊಗಟೆ ಬರೀ ಅರ್ಧ ಇಂಚು ದಪ್ಪ, ಆದರೆ ಸುತ್ತಳತೆಯಲ್ಲಿ ಮೂರು ಇಂಚು ಏರಿಸಿಬಿಡುತ್ತದೆ, ಮತ್ತೆ ಅದನ್ನು ಅದರಿಂದಲೇ ಗುಣಿಸುವುದರಿಂದ ಒಂದೂವರೆ ಸಿಎಫ್‌ಟಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಮಧ್ಯದಲ್ಲಿ, ತೊಗಟೆ ಕೆತ್ತಿ, ಹಗ್ಗ ಓರೆ ಆಗದ ಹಾಗೆ ಸುತ್ತಿ ಅಳೆಯಬೇಕು. ಮಾರುವವರಿಗೂ ಕೊಳ್ಳುವವರಿಗೂ ಅದೇ ನ್ಯಾಯ.

ಈ ಪದ್ಧತಿಯಲ್ಲಿ ಕೊಳ್ಳುವವರಿಗೆ ಸ್ವಲ್ಪ ಬಿಡುವು ಇದೆ, ಅದನ್ನೂ ಹೇಳಬೇಕು. ದುಂಡಗಿನ ದಿಮ್ಮಿಯ ನಿಜವಾದ ಗಾತ್ರ ತೆಗೆದರೆ 60 ಇಂಚಿನ ಸುತ್ತಳತೆಗೆ 19.9 ಸಿಎಫ್‌ಟಿ ಬರುತ್ತದೆ. ನಾಲ್ಕನೇ ಒಂದರ ಲೆಕ್ಕದಲ್ಲಿ 15.6. ನೂರಕ್ಕೆ ಇಪ್ಪತ್ತೊಂದರಷ್ಟು ಲೆಕ್ಕಕ್ಕೇ ಬರುವುದಿಲ್ಲ. ಬದಿಯ ಸಿಪ್ಪೆ ಹಲಗೆ ಹೇಗೂ ಉಪಯೋಗಕ್ಕೆ ಬಾರದು, ಅದು ಅಲ್ಲಿಗೆ ಸರಿಹೋಗುತ್ತದೆ. ಆದರೆ 15.6ಕ್ಕೆ ದುಡ್ಡು ಕೊಟ್ಟರೆ 15.6 ಹಲಗೆ ಸಿಗುತ್ತದೆ ಅಂತ ನಂಬಿದರೆ ಮಾತ್ರ ಮೋಸ ಹೋಗುತ್ತೇವೆ. ಗರಗಸದ ಹುಡಿ, ದಿಮ್ಮಿಯ ಡೊಂಕು, ಹಲಸಿನ ಬಿಳಿ ಭಾಗ, ಎಲ್ಲ ಕಳೆಯಬೇಕು. ಒಳಗಿನ ಹಳದಿ ಬಣ್ಣದ ತಿರುಳು, ಚೇಗು, ಮಾತ್ರ ಬಾಳುವುದು, ಬಿಳಿಯನ್ನು ಹುಳು ಬಿಡುವುದಿಲ್ಲ.

ಕೊನೆಗೆ ಆ ದಿಮ್ಮಿಯನ್ನು ನಾವು ಕೊಳ್ಳಲಿಲ್ಲ. ಅಣ್ಣನೇ ಎರಡು ಮಂಚ ಮಾಡಿಸಲು ಸೀಳಿಸಿದರು. ಹಲಗೆಗಳು ಬಂದ ದಿನ ಎಲ್ಲವನ್ನೂ ಅಳೆದು ಬರೆದೆ. ಕೆಲಸಕ್ಕೆ ಬರುವಂಥದ್ದು 10.4 ಸಿಎಫ್‌ಟಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ದಿಮ್ಮಿಗೆ ಸಿಎಫ್‌ಟಿಗೆ 800 ಅಂತ ಹಿಡಿಯೋಣ. 12,500 ರೂಪಾಯಿ ಆಯಿತು. ಸೀಳುವ ಕೂಲಿ ದಿಮ್ಮಿಯ ಅಳತೆಗೆ, 80ರ ಹಾಗೆ 1,250. ಸಾಗಾಟ 1,500. ಒಟ್ಟು 15,250. ಇದನ್ನು 10.4ರಿಂದ ಭಾಗಿಸಿ. ಒಂದು ಸಿಎಫ್‌ಟಿಗೆ 1,466 ರೂಪಾಯಿ! 800ರ ಮರ ಮನೆಗೆ ಬರುವಾಗ 1,466. ಸೀಳಿದ ಮರಕ್ಕೆ 1,500 ಹೇಳಿದವರು ದುಬಾರಿ ಅಂತ ಅಂದುಕೊಂಡದ್ದು ಸರಿಯಲ್ಲ ಅಂತ ಆಗ ಗೊತ್ತಾಯಿತು. ಸ್ವಂತ ತೋಟದ ಮರ ಆದರೆ ಮಾತು ಬೇರೆ, ಆಗ ಸೀಳಿಸುವುದೇ ಲಾಭ.

ಮನೆ ಹತ್ತಿರದ ಮರ ಸೀಳಿಸುವವರಿಗೆ ಇನ್ನೊಂದು ಮಾತು. ಬಟ್ಟೆ ಒಣಗಿಸುವ ಹಗ್ಗಕ್ಕೆ, ಬೇಲಿಗೆ ಅಂತ ಮರಕ್ಕೆ ಮೊಳೆ ಹೊಡೆದಿರುತ್ತೇವೆ. ಮರ ಬೆಳೆದು ಮೊಳೆಯನ್ನು ಒಳಗೆ ನುಂಗಿರುತ್ತದೆ. ಬ್ಯಾಂಡ್‌ಸಾಗೆ ಅದು ಸಿಕ್ಕಿದರೆ ಗರಗಸದ ಹಲ್ಲು ಹೋಗುತ್ತದೆ, ಅದರ ಖರ್ಚು ನಮ್ಮ ಮೇಲೆ ಬರುತ್ತದೆ. ನೆನಪಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡಿ.

ಪಟ್ಟಿ ಹಿಡಿದುಕೊಂಡು ಮಿಲ್ಲಿಗೆ ಹೋದದ್ದು ಕುಂಬಳೆ ರಸ್ತೆಯ ಕಡೆಗೆ. ಆಚಾರ್ರು ತುಳುವಿನಲ್ಲಿ ಹೇಳುತ್ತಾರೆ, ಮಿಲ್ಲಿನವರು ಮಲಯಾಳದಲ್ಲಿ ಕೇಳುತ್ತಾರೆ, ನನ್ನ ಪುಸ್ತಕ ಕನ್ನಡದಲ್ಲಿದೆ. ಕಾಸರಗೋಡಿನಲ್ಲಿ ಎಲ್ಲ ಕೆಲಸವೂ ಹೀಗೆಯೇ. ಕಾಲು, ಮುಕ್ಕಾಲು ಮೂರು ಭಾಷೆಯಲ್ಲೂ ಒಂದೇ, ಅದು ನಮ್ಮ ಪುಣ್ಯ. ಆದರೆ ರಂಡೇಕಾಲ್ ಅಂದರೆ ಎರಡೂಕಾಲು, ರಂಡರ ಅಂದರೆ ಎರಡೂವರೆ. ಗರಗಸದ ಸದ್ದಿನ ನಡುವೆ ಎರಡೂ ಒಂದೇ ಥರ ಕೇಳಿಸುತ್ತದೆ. ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು. ಬಾಯಲ್ಲಿ ಹೇಳಬೇಡಿ, ಅಂಕಿಯಲ್ಲಿ ಬರೆದು ಕೊಡಿ.

"ಚೇಚಿ, ಪಟ್ಟಿ ನೀವೇ ಮಾಡಿದ್ದಾ?" ಅಂತ ಅಲ್ಲಿ ಬಿಲ್ಲು ಬರೆಯುವವರು ಕೇಳಿದರು. ಹೌದು ಅಂದೆ. ಅವರ ಹತ್ತಿರ ಎಣ್ಣೆ ಹಿಡಿದ ದಪ್ಪ ರೆಡಿ ರೆಕನರ್ ಪುಸ್ತಕ ಇತ್ತು. ಅದನ್ನು ತಿರುವಿ ಒಂದೊಂದೇ ಸಾಲು ತಾಳೆ ನೋಡಿದರು. ಎಲ್ಲ ಸರಿ ಇತ್ತು. ಆಮೇಲೆ ಮಾತು ಸಲೀಸಾಯಿತು. "ಏಟ್ಟಾ, ಅಳತೆ ಟೇಪಿನಲ್ಲಿ ಬಂದಷ್ಟೇ ಲೆಕ್ಕ, ಹೇಳಿದ ಅಳತೆ ಅಲ್ಲ" ಅಂತ ಮೊದಲೇ ಹೇಳಿದೆ. ಒಪ್ಪಿದರು. ಅದು ಎರಡೂ ಕಡೆಗೆ ಅನ್ವಯಿಸುತ್ತದೆ ಅಂತ ಅವರೂ ನೆನಪಿಸಿದರು. 4×2 ಹೇಳಿದ ಕಡೆ ನಾಲ್ಕೂಕಾಲು, ಎರಡೂಕಾಲು ಸೀಳಿ ಬಂದರೆ ಬಿಲ್ಲು ನೂರಕ್ಕೆ ಹತ್ತೊಂಬತ್ತೂವರೆ ಏರುತ್ತದೆ. ಹಾಗಾಗಿ ಒಂದು ನೂಲಿಗಿಂತ ಜಾಸ್ತಿ ಹೆಚ್ಚುಕಡಿಮೆ ಬೇಡ ಅಂತ ಮಾತಾಯಿತು.

ಉದ್ದದ ವಿಚಾರದಲ್ಲಿ ಸ್ವಲ್ಪ ಎಳೆದಾಟ ಆಯಿತು. ಅವರ ಹತ್ತಿರ ಸೀಳಿಟ್ಟ ಪಕ್ಕಾಸು 12 ಅಡಿಯದ್ದು ಇತ್ತು. ನಮಗೆ ಬೇಕಾದ್ದು 10. ಹನ್ನೆರಡನ್ನು ಕೊಂಡು ಕತ್ತರಿಸಿದರೆ ಹನ್ನೊಂದು ಪಕ್ಕಾಸಿಗೆ 1.22 ಸಿಎಫ್‌ಟಿ ಸುಮ್ನೆ ಜಾಸ್ತಿ. 1,500ರ ರೇಟಿಗೆ 1,833 ರೂಪಾಯಿ, ಉಳಿಯುವುದು ಎರಡು ಅಡಿಯ ಹನ್ನೊಂದು ತುಂಡು. ಒಂದು ವಾರ ಕಾಯುತ್ತೇವೆ, 10 ಅಡಿಗೇ ಸೀಳಿ ಕೊಡಿ ಅಂದೆವು. ರೀಪಿಗೆ ಇದರ ಉಲ್ಟಾ. 21 ಅಡಿ ಸಾಲು ಅಂತ ಉದ್ದದ ಮರವನ್ನೇ ಕೇಳಬೇಕಿಲ್ಲ. ಪಕ್ಕಾಸು ಎರಡೆರಡು ಅಡಿಗೆ ಇದೆ, ಆದ್ದರಿಂದ 6, 8, 10 ಅಡಿ ಯಾವುದು ತಂದರೂ ಕೂಡಿಗೆ ಪಕ್ಕಾಸಿನ ಮೇಲೆಯೇ ಬರುವ ಹಾಗೆ ಜೋಡಿಸಬಹುದು, ಕೊನೆಯಲ್ಲಿ ಚಾಚುವ ಅರ್ಧ ಅಡಿಯನ್ನು ಆಚಾರ್ರು ನೋಡಿಕೊಳ್ಳುತ್ತಾರೆ. ಉದ್ದ ಜಾಸ್ತಿ ಆದ ಹಾಗೆ ಸಿಎಫ್‌ಟಿ ರೇಟೂ ಏರುತ್ತದೆ. ಗಿಡ್ಡ ಮರಕ್ಕೆ ಗಿಡ್ಡ ರೇಟು. ಪಟ್ಟಿ ಕೈಯಲ್ಲಿ ಇದ್ದರೆ ಮಾತ್ರ ಇದು ಕಾಣಿಸುವುದು, ಬರೀ "16 ಸಿಎಫ್‌ಟಿ ಕೊಡಿ" ಅಂದಿದ್ದರೆ ಎಲ್ಲಕ್ಕೂ ತೊಲೆಯ ರೇಟೇ ಬೀಳುತ್ತಿತ್ತೇನೋ.

ಗಡಿಯಾಚೆ ಕರ್ನಾಟಕದ ವಿಟ್ಲದಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಒಬ್ಬರು ಹೇಳಿದರು. ಇರಬಹುದು. ಸಾರಡ್ಕದ ಗಡಿ ದಾಟಿಸಿ ಮರ ತರಬೇಕಾದರೆ ಬಿಲ್ಲು, ಪಾಸು ಎಲ್ಲ ಸರಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಬೇಕು. ನಮಗೆ 16 ಸಿಎಫ್‌ಟಿಗೆ ಆ ಓಡಾಟ ಬೇಡ ಅನ್ನಿಸಿತು.

ಅಣ್ಣನ ಮಗ ಮರಗೆಲಸದ ಅಮೆರಿಕದ ವಿಡಿಯೋಗಳನ್ನು ನೋಡುತ್ತಾನೆ. ಅವರು ಬೋರ್ಡ್ ಫುಟ್ ಅನ್ನುತ್ತಾರಲ್ಲ ಚಿಕ್ಕಮ್ಮ, ಅದೆಷ್ಟು ಅಂತ ಕೇಳಿದ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ. ಅಂಥ ಹನ್ನೆರಡು ಸೇರಿದರೆ ನಮ್ಮ ಒಂದು ಸಿಎಫ್‌ಟಿ. ಅಲ್ಲಿ ಟೂ ಬೈ ಫೋರ್ ಅಂತ ಮಾರುವ ಮರ ನಿಜಕ್ಕೂ ಒಂದೂವರೆ, ಮೂರೂವರೆ ಇಂಚೇ ಇರುವುದು, ಒಣಗಿಸಿ ಕೀಸಿದ ಮೇಲಿನ ಅಳತೆ ಅದು. ಅಲ್ಲಿ ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆ ವಿಡಿಯೋ ನೋಡಿ ನಮ್ಮ ಮಿಲ್ಲಿನಲ್ಲಿ ಲೆಕ್ಕ ಹಾಕಲು ಹೋಗಬೇಡಿ. ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜು ಘನ ಮೀಟರಿನ ಲೆಕ್ಕದಲ್ಲಿ. ಒಂದು ಘನ ಮೀಟರಿಗೆ 35.3 ಸಿಎಫ್‌ಟಿ. ದೊಡ್ಡ ಮೊತ್ತ ಕೇಳಿ ಹೆದರುವ ಮೊದಲು 35.3ರಿಂದ ಭಾಗಿಸಿ ನೋಡಿ.

ಕೀಸುವ ವಿಚಾರ ನಮ್ಮಲ್ಲೂ ಇದೆ. ದಾರಂದ ಕೀಸಿದ ಮೇಲೆ 5×3 ಇರಬೇಕು ಅಂದರೆ ಮಿಲ್ಲಿನಲ್ಲಿ ಅದಕ್ಕಿಂತ ಒಂದೆರಡು ನೂಲು ಜಾಸ್ತಿ ಹೇಳಬೇಕು, ಆ ನೂಲಿಗೂ ದುಡ್ಡು. ನಮಗೆ ಕೀಸಿದ ಮೇಲೆ ಸ್ವಲ್ಪ ಕಡಿಮೆ ಬಂದರೂ ಆಗುತ್ತದೆ ಅಂತ ಆಚಾರ್ರು ಹೇಳಿದರು, ಹಾಗಾಗಿ 5×3 ಅನ್ನೇ ಹೇಳಿದೆವು. ಹಸಿ ಮರ ಒಣಗುವಾಗ ಅಗಲ, ದಪ್ಪದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಇದೂ ಲೆಕ್ಕಕ್ಕೆ ಬರಬೇಕು.

ಉಳಿದ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ಟೆಂಪೋ ಬಾಡಿಗೆ, ಹೇರುವ ಇಳಿಸುವ ಕೂಲಿ, ಕೀಸುವ ಕೂಲಿ, ಮೊಳೆ, ಬಿಲ್ಲಿನ ಜಿಎಸ್‌ಟಿ, ಗೆದ್ದಲಿಗೆ ಹಚ್ಚಲು ಗೇರುಬೀಜದ ಸಿಪ್ಪೆಯ ಎಣ್ಣೆ. ಈ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಲೇಬೇಕು. ಆಚಾರ್ರ ಸಂಬಳ ಬಿಟ್ಟು ಇವೆಲ್ಲ ಸೇರಿ ನಮಗೆ ಮರದ ಬೆಲೆಯ ಮೂರನೇ ಒಂದು ಭಾಗದಷ್ಟು ಆಗುತ್ತಿದೆ. ಮರಕ್ಕೆ ಮಾತ್ರ ದುಡ್ಡು ಎತ್ತಿಟ್ಟರೆ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ.

ಮೊನ್ನೆ ಮರ ಬಂತು. ಟೆಂಪೋದಿಂದ ಇಳಿಸುತ್ತಿದ್ದ ಹಾಗೆ ಒಂದೊಂದನ್ನೂ ಅಳೆದೆವು. ಆಚಾರ್ರು ಟೇಪು ಹಿಡಿದರು, ನಾನು ಬರೆದೆ, ಅತ್ತೆ ಜಗಲಿಯಲ್ಲಿ ಕೂತು ಎಣಿಸಿದರು. ಎರಡೂ ತುದಿಯಲ್ಲಿ ಮತ್ತು ನಡುವಿನಲ್ಲಿ, ಮೂರು ಕಡೆ ಟೇಪು. ಗರಗಸ ಎಳೆದುಕೊಂಡು ಹೋದ ಕಡೆ ಒಂದು ತುದಿ ಸಪುರ ಆಗಿರುತ್ತದೆ, ದಪ್ಪ ತುದಿಯನ್ನು ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. ಹನ್ನೆರಡು ಪಕ್ಕಾಸಿನಲ್ಲಿ ಹತ್ತು ಸರಿ ಇದ್ದವು. ಎರಡರ ಒಂದು ಅಂಚಿಗೆ ಉದ್ದಕ್ಕೂ ಬಿಳಿ ಬಂದಿತ್ತು, ಆಚಾರ್ರು ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಅವೆರಡನ್ನು ಅದೇ ಟೆಂಪೋದಲ್ಲಿ ವಾಪಸು ಕಳಿಸಿದೆವು. ಮಿಲ್ಲಿನವರು ಮಾತಿಲ್ಲದೆ ಬದಲಾಯಿಸಿ ಕೊಟ್ಟರು. ಮಾಡಿನ ಮರಕ್ಕೆ ನನ್ನ ಪಟ್ಟಿಯಲ್ಲಿ 15.71 ಇತ್ತು, ಬಿಲ್ಲಿನಲ್ಲಿ 15.8 ಬಂತು. ತೊಲೆ ಒಂದು ನೂಲು ದಪ್ಪ ಇದೆ, ಅದರದ್ದು.

ಈಗ ಮರವನ್ನು ಹಟ್ಟಿಯ ಬದಿಯಲ್ಲಿ, ನೆಲಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ಅಟ್ಟಿ ಇಟ್ಟಿದ್ದೇವೆ. ಪ್ರತಿ ಸಾಲಿನ ನಡುವೆ ಗಾಳಿಯಾಡಲು ಅಡಿಕೆ ಸಲಾಕೆಯ ತುಂಡು. ಬಿಸಿಲು ನೇರ ಬೀಳದ ಹಾಗೆ ಮೇಲೆ ತೆಂಗಿನ ಮಡಲು ಹಾಕಿದೆ. ವಿಷು ಕಳೆದು ಹಂಚು ಇಳಿಸುತ್ತೇವೆ. ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು ಮಾಡು ಮುಚ್ಚಬೇಕು ಅಂತ ಆಚಾರ್ರಿಗೆ ಹೇಳಿ ಆಗಿದೆ. ಇಳಿಸುವಾಗ ಎಷ್ಟು ಹಂಚು ಒಡೆಯುತ್ತದೋ, ಆ ಲೆಕ್ಕ ಇನ್ನೂ ಬಾಕಿ ಇದೆ.